ತುಡುವೆ, ಮೆಲ್ಲಿಫೆರಾ, ಮಿಸ್ರಿ: ಅಡಿಕೆ ತೋಟದ ಮನೆಗೆ ಯಾವ ಜೇನು?

ಮಲೆನಾಡಿನ ತೋಟದ ಮನೆಗೆ ತುಡುವೆಯೇ ಸರಿ. ನಮ್ಮ ನೆಲದ ತುಡುವೆ, ಯುರೋಪಿನ ಮೂಲದ ಮೆಲ್ಲಿಫೆರಾ, ಚುಚ್ಚದ ಪುಟ್ಟ ಹುಳ ಮಿಸ್ರಿ, ಈ ಮೂರೂ ಜಾತಿಯನ್ನು ಒಂದೇ ಅಂಗಳದಲ್ಲಿ ಸಾಕಿ ನೋಡಿದ ಮೇಲೂ ನನ್ನ ಪಕ್ಷ ಬದಲಾಗಿಲ್ಲ. ಆದರೆ ಮನೆಗೆ ಬಂದವರು ಕೇಳುವುದನ್ನು ಬಿಡುವುದಿಲ್ಲ. "ಮೆಲ್ಲಿಫೆರಾ ಇಟ್ರೆ ಪೆಟ್ಟಿಗೆಗೆ ಮೂವತ್ತು ಕೆಜಿ ಬರ್ತದಂತೆ, ನೀವ್ಯಾಕೆ ಇನ್ನೂ ತುಡುವೆ ಹಿಡ್ಕಂಡು ಕೂತಿದ್ದೀರಿ?" ಅಂತ. ಅವರಿಗೆಲ್ಲ ಒಟ್ಟಿಗೆ ಉತ್ತರ ಇದು.

ನಮ್ಮದು ಶಿರಸಿ ಕಡೆ. ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಮನೆಗೆ ಜೇನು ಬೇಕು, ಉಳಿದದ್ದನ್ನು ಪರಿಚಯದವರಿಗೆ ಮಾರಬೇಕು. ಅಷ್ಟೇ ನಮ್ಮ ಆಸೆ. ಕೊನೆಕೊಯ್ಲು, ಮದ್ದು ಹೊಡೆಯುವುದು, ದನ ಕರು ಎಲ್ಲ ಮುಗಿದ ಮೇಲೆ ಉಳಿಯುವ ಸಮಯ ಜೇನಿಗೆ. ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ನನ್ನ ತೀರ್ಪು ಪೂರ್ತಿ ಇದರ ಮೇಲೇ ನಿಂತಿದೆ.

ಮೆಲ್ಲಿಫೆರಾ ಪೆಟ್ಟಿಗೆ ಮಾರಿದವರು ಹೇಳಿದ ಮೂವತ್ತು ಕೆಜಿ ಸುಳ್ಳೇನಲ್ಲ. ಈ ಹುಳ 1960ರ ದಶಕದಲ್ಲಿ ಹಿಮಾಚಲದ ನಗ್ರೋಟಾ ಕಡೆಯಿಂದ ಪಂಜಾಬಿಗೆ ಹಬ್ಬಿತು. ಅಲ್ಲಿ ಸಾಸಿವೆ ಹೊಲಗಳ ನಡುವೆ ಚೆನ್ನಾಗಿ ಬೇರೂರಿತು. ನಮ್ಮಲ್ಲೂ ದೊಡ್ಡ ಮಟ್ಟದಲ್ಲಿ ಸಾಕುವವರಿದ್ದಾರೆ. ಸೂರ್ಯಕಾಂತಿ ಅರಳಿದರೆ ಬಯಲುಸೀಮೆಗೆ ಹೋಗುತ್ತಾರೆ. ರಬ್ಬರ್ ಚಿಗುರುವ ಹೊತ್ತಿಗೆ ಕರಾವಳಿ, ಕೇರಳದ ಕಡೆ ಇಳಿಯುತ್ತಾರೆ. ಪೆಟ್ಟಿಗೆಗಳು ಲಾರಿ ಮೇಲೆ, ಹಿಂದೆ ಇವರು. ಮೂವತ್ತು ಕೆಜಿ ಅನ್ನುವುದು ಲಾರಿಯವರ ಲೆಕ್ಕ. ತೋಟದ ಮೂಲೆಯಲ್ಲಿ ವರ್ಷಪೂರ್ತಿ ನಿಂತಲ್ಲೇ ನಿಂತ ಪೆಟ್ಟಿಗೆಗೆ ಆ ಲೆಕ್ಕ ಹೊಂದುವುದಿಲ್ಲ. ಮಾರುವವರು ಇದೊಂದನ್ನು ಹೇಳುವುದಿಲ್ಲ ನೋಡಿ.

ಜೂನ್ ಬಂತು. ಇಲ್ಲಿಂದ ಸಕ್ಕರೆಯ ಕಥೆ ಶುರು.

ನಮ್ಮ ಕಡೆ ಜಿರಾಪತಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ತುಡುವೆಗೆ ಇದು ಹುಟ್ಟಿದಾಗಿನಿಂದ ಗೊತ್ತು. ಮೇವು ಕಡಿಮೆಯಾದ ಕೂಡಲೇ ರಾಣಿ ಮೊಟ್ಟೆ ಇಡುವುದನ್ನು ಇಳಿಸುತ್ತದೆ. ಸಂಸಾರ ಚಿಕ್ಕದಾಗುತ್ತದೆ, ಊಟದ ಖರ್ಚೂ ಇಳಿಯುತ್ತದೆ. ಮಳೆ ಅರ್ಧ ಗಂಟೆ ಹೊಳವು ಕೊಟ್ಟರೂ ಸಾಕು, ಹುಳಗಳು ಹೊರಗೆ. ಬೇಲಿ ಸಾಲಿನ ಮುಟ್ಟಿದರೆ ಮುನಿ, ತೆಂಗಿನ ಹೊಂಬಾಳೆ, ಎಲ್ಲಿ ಸಿಕ್ಕೀತೋ ಅಲ್ಲಿಂದ ಪರಾಗ ತರುತ್ತವೆ. ಮೆಲ್ಲಿಫೆರಾ ಹಾಗಲ್ಲ. ಅದರ ಸಂಸಾರವೇ ದೊಡ್ಡದು, ಖರ್ಚು ತಗ್ಗಿಸುವ ಬುದ್ಧಿ ನಮ್ಮ ಮಳೆಗೆ ಸರಿಯಾಗಿ ಕಲಿತಿಲ್ಲ. ಹೊರಗೆ ಹೋಗಲು ಆಗುವುದಿಲ್ಲ, ಒಳಗೆ ಬಾಯಿ ಜಾಸ್ತಿ. ಆಗ ಸಕ್ಕರೆ ಪಾಕ ಕೊಡಲೇಬೇಕು. ಸಕ್ಕರೆ ಒಂದು ಪಾಲು, ನೀರು ಒಂದು ಪಾಲು.

ಒಂದೆರಡು ಸಲ ಅಂದರೆ ಕೊಡಬಹುದು. ನಾಲ್ಕು ತಿಂಗಳು ಅಂದರೆ? ಪಾಕ ಕಾಯಿಸಬೇಕು, ತಣಿಸಬೇಕು, ಕೊಡೆ ಹಿಡಿದು, ಉಂಬಳ ಕೊಡವಿಕೊಳ್ಳುತ್ತ ತೋಟಕ್ಕೆ ಇಳಿಯಬೇಕು. ಮುಚ್ಚಳ ತೆಗೆದರೆ ಒಳಗೆ ನೀರು ಬೀಳುತ್ತದೆ, ತೆಗೆಯದಿದ್ದರೆ ಪಾಕ ಇಡಲಿಕ್ಕಾಗುವುದಿಲ್ಲ. ಹಿಂದಿನ ಸಲದ್ದು ಹುಳಿ ಬಂದಿದ್ದರೆ ಚೆಲ್ಲಿ, ತೊಳೆದು, ಹೊಸದು ಇಡಬೇಕು. ಪಾಕದ ವಾಸನೆಗೆ ಇರುವೆ ಸಾಲುಗಟ್ಟುತ್ತದೆ. ಕಂಬದ ಬುಡಕ್ಕೆ ನೀರಿನ ಬಟ್ಟಲು ಇಟ್ಟರೂ, ಒಂದು ಅಡಿಕೆ ಸೋಗೆ ಬಿದ್ದು ಪೆಟ್ಟಿಗೆಗೆ ತಾಗಿದರೆ ಮುಗಿಯಿತು, ಇರುವೆಗೆ ಸೇತುವೆ ಸಿದ್ಧ. ಅಡುಗೆ ಮನೆಯಲ್ಲಿ ಅಮ್ಮ, "ಚಾಕ್ಕೆ ಸಕ್ಕರೆ ಇಲ್ಲೆ, ನಿನ್ನ ಹುಳಕ್ಕೆ ಇದ್ದು" ಅಂತ ದಿನಾ ಒಂದು ಮಾತು.

ಇದಕ್ಕಿಂತ ಕೆಟ್ಟದ್ದು ಕಳ್ಳತನ. ಹಸಿದ ಕಾಲದಲ್ಲಿ ಒಂದು ಪೆಟ್ಟಿಗೆಗೆ ಪಾಕ ಇಟ್ಟರೆ ಪಕ್ಕದ ಪೆಟ್ಟಿಗೆಗೆ ಸುದ್ದಿ ತಲುಪುತ್ತದೆ. ಮೆಲ್ಲಿಫೆರಾ ಮೈಕಟ್ಟಿನಲ್ಲಿ ದೊಡ್ಡದು. ನಮ್ಮ ತುಡುವೆ ಪೆಟ್ಟಿಗೆಯ ಬಾಗಿಲಲ್ಲಿ ಕುಸ್ತಿ ಶುರುವಾಯಿತು. ಪೆಟ್ಟಿಗೆಯ ತಳದ ಹಲಗೆ, ಅಂದರೆ ಅಡಿಮಣೆ ಮೇಲೆ ಸತ್ತ ಹುಳಗಳು. ಬಾಗಿಲು ಕಿರಿದು ಮಾಡಿ, ಪಾಕವನ್ನು ಸಂಜೆ ಕತ್ತಲಾದ ಮೇಲೆ ಮಾತ್ರ ಇಟ್ಟು, ಕೊನೆಗೆ ಮೆಲ್ಲಿಫೆರಾವನ್ನು ತೋಟದ ಆ ತುದಿಗೆ ಸಾಗಿಸಿದೆವು. ಅಷ್ಟರಲ್ಲಿ ಒಂದು ತುಡುವೆ ಕುಟುಂಬ ಪೆಟ್ಟಿಗೆ ಬಿಟ್ಟು ಪರಾರಿ.

ಸಕ್ಕರೆಯ ಇನ್ನೊಂದು ತಲೆನೋವು ಬೇಸಿಗೆಯಲ್ಲಿ ಗೊತ್ತಾಗುತ್ತದೆ. ಮಳೆಗಾಲದ ಪಾಕ ಹುಳ ಕಟ್ಟಿದ ಮೇಣದ ತಟ್ಟಿಯಲ್ಲಿ, ಅಂದರೆ ಎರಿಯಲ್ಲಿ, ಉಳಿದಿರುತ್ತದೆ. ಹೂ ಬಂದಾಗ ಅದನ್ನೇ ಮೇಲಿನ ಜೇನು ಕೋಣೆಗೆ ಸಾಗಿಸಿದರೆ ನಾವು ಮಾರುವುದು ಏನು? ಹೂವಿನ ಜೇನೋ, ಅಂಗಡಿ ಸಕ್ಕರೆಯೋ? ಹಾಗಾಗಿ ಮೊದಲು ತುಂಬಿದ ಎರಿಗಳನ್ನು ಮಾರಲು ನನಗೆ ಮನಸ್ಸಾಗುವುದಿಲ್ಲ. ಅವು ಹುಳಕ್ಕೇ ವಾಪಸ್. ಮೂವತ್ತರ ಮಾತು ಬಿಡಿ, ಸಕ್ಕರೆ ಬಿಲ್ಲು ಕಳೆದರೆ ಕೈಗೆ ಹತ್ತಿದ್ದು ತುಡುವೆಗಿಂತ ಹೆಚ್ಚೇನಲ್ಲ.

ತುಡುವೆಗೆ ಪಾಕವೇ ಬೇಡ ಅನ್ನುತ್ತಿಲ್ಲ. ವಿಪರೀತ ಮಳೆಯ ವರ್ಷ ಅದಕ್ಕೂ ಕೊಡಬೇಕು. ಆದರೆ ಅದು ಲೋಟದ ಲೆಕ್ಕ, ಮೆಲ್ಲಿಫೆರಾದ್ದು ಬಕೆಟ್ಟಿನ ಲೆಕ್ಕ.

ಸಾಮಾನಿನ ಗೊಂದಲ ಬೇರೆ. ತುಡುವೆಗೆ ನಮ್ಮಲ್ಲಿರುವುದು ನ್ಯೂಟನ್ ಪೆಟ್ಟಿಗೆ. ನೂರು ವರ್ಷದ ಹಿಂದೆ ನ್ಯೂಟನ್ ಎಂಬ ಪಾದ್ರಿ ದಕ್ಷಿಣದ ಹುಳಕ್ಕೆಂದೇ ಅಳತೆ ಮಾಡಿದ್ದು. ಹುಳ ಎರಿ ಕಟ್ಟುವ ಚೌಕಟ್ಟು ಮೆಲ್ಲಿಫೆರಾಕ್ಕೆ ಅದಕ್ಕಿಂತ ಬಹಳ ದೊಡ್ಡದು. ಒಂದರ ಚೌಕಟ್ಟು ಇನ್ನೊಂದಕ್ಕೆ ಕೂರುವುದಿಲ್ಲ, ಜೇನು ತೆಗೆಯುವ ಯಂತ್ರವೂ ಬೇರೆ ಬೇಕು. ತುಂಬಿದ ಪೆಟ್ಟಿಗೆ ಎತ್ತಲು ಇಬ್ಬರು ಬೇಕು.

ಕಡಜ ಬಂದರೆ ತುಡುವೆ ಗುಂಪಾಗಿ ಸುತ್ತುವರಿದು, ಮೈಬಿಸಿಯಲ್ಲೇ ಅದನ್ನು ಬೇಯಿಸಿ ಕೊಲ್ಲುತ್ತದೆ. ಮೆಲ್ಲಿಫೆರಾ ಒಂದೊಂದಾಗಿ ಹೋಗಿ ಸಾಯುತ್ತದೆ. ಜೇನುಹುಳಕ್ಕೆ ಅಂಟುವ ವರೋವಾ ನುಸಿಯ ಜೊತೆಯೂ ತುಡುವೆ ಹೇಗೋ ಬಾಳುತ್ತದೆ. ಮೆಲ್ಲಿಫೆರಾಕ್ಕೆ ಮದ್ದು ಬೇಕು.

ಹಾಗಂತ ತುಡುವೆ ಸಾಧು ಅಂದುಕೊಳ್ಳಬೇಡಿ. ಸಿಟ್ಟು ಬಂದರೆ ಊರು ಬಿಡುತ್ತದೆ. ಅಡಿಮಣೆ ಗುಡಿಸದಿದ್ದರೆ ಮೇಣದ ಹುಳ ಬೀಳುತ್ತದೆ, ಅದಕ್ಕೆ ಬೇಸತ್ತೂ ಹೋಗುತ್ತದೆ. ಜನವರಿ ಕಳೆದ ಮೇಲೆ ಕಣ್ಣು ತಪ್ಪಿದರೆ ಸಂಸಾರ ಒಡೆದು ಪಾಲಾಗಿ ಬೆಟ್ಟ ಸೇರುತ್ತದೆ. ರೋಗದ ಇತಿಹಾಸವೂ ಚಿಕ್ಕದಲ್ಲ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದಾಗ ಮರಿಹುಳಗಳು ನೀರು ತುಂಬಿದ ಚೀಲದ ಹಾಗಾಗಿ ಸತ್ತವು, ದಕ್ಷಿಣ ಭಾರತದಲ್ಲಿ ಪೆಟ್ಟಿಗೆಗಳು ಖಾಲಿಯಾದವು. ಅಪ್ಪಯ್ಯ ಖಾಲಿ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದ್ದು ಆಗಲೇ. ಮೆಲ್ಲಿಫೆರಾ ನಮ್ಮ ರಾಜ್ಯದಲ್ಲಿ ಕಾಲೂರಿದ್ದಕ್ಕೂ ಆ ಹೊಡೆತವೇ ದೊಡ್ಡ ಕಾರಣ. ಆದರೆ ಕಾಡಿನಲ್ಲಿ ತಡೆದುಕೊಂಡು ಉಳಿದ ತುಡುವೆ ಮತ್ತೆ ಮರದ ಪೊಟರೆಗಳನ್ನು ತುಂಬಿತು. ಈಗ ನಮ್ಮ ಪೆಟ್ಟಿಗೆಗಳಲ್ಲಿ ಇರುವುದು ಆ ಸಂತತಿಯೇ.

ತುಡುವೆ ಜೇನಿನಲ್ಲಿ ನೀರಿನಂಶ ಜಾಸ್ತಿ. ಎರಿಗೆ ಮೇಣದ ಮುಚ್ಚಳ ಬೀಳುವ ಮೊದಲೇ ಅವಸರಪಟ್ಟು ತೆಗೆದರೆ ಬಾಟಲಿಯಲ್ಲಿ ನೊರೆ ಬರುತ್ತದೆ, ಹುಳಿಯಾಗುತ್ತದೆ. ಮುಚ್ಚಿದ ಎರಿ ಮಾತ್ರ ತೆಗೆಯಿರಿ, ಮೋಡ ಕವಿದ ದಿನ ಬೇಡ. ರುಚಿಯಲ್ಲಿ ಮಾತ್ರ ಚರ್ಚೆಯೇ ಇಲ್ಲ. ನೇರಳೆ ಹೂವಿನ ಕಾಲದ ಜೇನಿಗೆ ಇರುವ ಸಣ್ಣ ಕಹಿ ಗೊತ್ತಿದ್ದವರು ಬೇರೆ ಜೇನು ಕೇಳುವುದಿಲ್ಲ.

ಮಿಸ್ರಿ, ಅಂದರೆ ಪುತ್ತೂರು ಕಡೆಯ ಮುಜಂಟಿ, ಈ ಪೈಪೋಟಿಯ ಹೊರಗೆ. ಕಚ್ಚಿದರೂ ಚುಚ್ಚುವುದಿಲ್ಲ, ಮಕ್ಕಳಿರುವ ಮನೆಯ ಜಗುಲಿಗೂ ಆಗುತ್ತದೆ. ಬಿದಿರಿನ ಅಂಡೆಯಲ್ಲಿ, ಹಳೆ ಗಡಿಗೆಯಲ್ಲಿ ಸಂಸಾರ ಮಾಡುತ್ತದೆ. ವರ್ಷಕ್ಕೆ ಅರ್ಧ ಕೆಜಿ ಕೊಟ್ಟರೆ ಪುಣ್ಯ. ಹುಳಿ ಸಿಹಿ ರುಚಿ, ಔಷಧಿಗೆ ಅಂತ ಹುಡುಕಿಕೊಂಡು ಬರುತ್ತಾರೆ, ತುಡುವೆಯ ಮೂರು ನಾಲ್ಕು ಪಟ್ಟು ದರವಾದರೂ ಚೌಕಾಸಿ ಮಾಡುವುದಿಲ್ಲ. ಎರಡು ಗೂಡು ಇಟ್ಟುಕೊಳ್ಳಿ, ಅದರ ಪಾಡಿಗೆ ಅದಿರಲಿ.

ಲಾರಿ, ಆಳು, ಊರೂರು ತಿರುಗುವ ಗಟ್ಟಿತನ ಇದ್ದವರು ಧಾರಾಳವಾಗಿ ಮೆಲ್ಲಿಫೆರಾ ಮಾಡಲಿ. ನಮ್ಮಲ್ಲಿ ಉಳಿದಿದ್ದ ಮೆಲ್ಲಿಫೆರಾವನ್ನು ಸೂರ್ಯಕಾಂತಿಗೆ ಹೋಗುವವರೊಬ್ಬರಿಗೆ ಕೊಟ್ಟೆವು. ಅವರ ಕೈಯಲ್ಲಿ ಅದು ಚೆನ್ನಾಗಿಯೇ ಇದೆ. ಮನೆ ಬಿಟ್ಟು ಹೋಗಲಾರದ ನಮ್ಮಂಥವರಿಗೆ ನಾಲ್ಕೈದು ತುಡುವೆ ಪೆಟ್ಟಿಗೆ ಸಾಕು. ಕಾಡಿನ ಅಂಚಲ್ಲಿದ್ದರೆ ಒಳ್ಳೆ ವರ್ಷ ಪೆಟ್ಟಿಗೆಗೆ ಐದಾರು ಕೆಜಿ, ಕೆಲವು ಸಲ ಅದಕ್ಕೂ ಜಾಸ್ತಿ. ಪೆಟ್ಟಿಗೆಗೆ ತೋಟಗಾರಿಕೆ ಇಲಾಖೆಯ ಸಹಾಯಧನ ಇದೆಯಾ ಅಂತ ಮೊದಲು ವಿಚಾರಿಸಿ. ಕುಟುಂಬ ಕೊಳ್ಳುವುದಾದರೆ ಮಳೆ ಮುಗಿದು ದೀಪಾವಳಿ ಕಳೆದ ಮೇಲೆ ಕೊಳ್ಳಿ, ಆಗ ಹೂವಿನ ಕಾಲದ ಮೊದಲು ಸಂಸಾರ ಬೆಳೆಯಲು ಸಮಯ ಸಿಗುತ್ತದೆ. ಕೊಳ್ಳುವಾಗ ಹುಳ ಎಷ್ಟಿದೆ ಅಂತ ಮೇಲಿಂದ ನೋಡಿ ದುಡ್ಡು ಕೊಡಬೇಡಿ. ಒಂದು ಚೌಕಟ್ಟು ಎತ್ತಿಸಿ, ಕಣಗಳಲ್ಲಿ ಹೊಸ ಮೊಟ್ಟೆ ಕಂಡು, ಒಳಗೆ ರಾಣಿ ಇದೆ ಅಂತ ಖಾತ್ರಿಯಾದ ಮೇಲೆ ಕೊಡಿ.