ಮೂಲ ಅಂಕಪಟ್ಟಿ ತೋರಿಸಿ, ಕೊಡಬೇಡಿ: ಬಿ.ಇಡಿ. ಕಾಲೇಜೊಂದರಲ್ಲಿ ನನಗಾದ ಮೋಸ

ಎಂ.ಇಡಿ. ಮುಗಿಸಿ ಕೆಲಸ ಹುಡುಕುತ್ತಿರುವವರು, ಅದರಲ್ಲೂ ನಮ್ಮ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯವರು ದಯವಿಟ್ಟು ಪೂರ್ತಿ ಓದಿ. ಖಾಸಗಿ ಬಿ.ಇಡಿ. ಕಾಲೇಜಿನವರು ಮೂಲ ಅಂಕಪಟ್ಟಿ ಕೇಳಿದರೆ ತೋರಿಸಿ, ಕೊಡಬೇಡಿ. ಕೊಡಬೇಡಿ. ಎರಡು ಸಲ ಬರೆದದ್ದು ಕೈತಪ್ಪಿನಿಂದಲ್ಲ.

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಇತಿಹಾಸದಲ್ಲಿ ಎಂ.ಎ., ಆಮೇಲೆ ಬಿ.ಇಡಿ., ಎಂ.ಇಡಿ., ಮೂರನೆಯ ಯತ್ನದಲ್ಲಿ ಕೆ-ಸೆಟ್, ಅಂದರೆ ಸಹಾಯಕ ಪ್ರಾಧ್ಯಾಪಕರ ರಾಜ್ಯ ಅರ್ಹತಾ ಪರೀಕ್ಷೆ. ಇಷ್ಟೆಲ್ಲ ಓದಿದವಳು ಒಂದು ಪ್ಲಾಸ್ಟಿಕ್ ಫೈಲನ್ನು ರಸೀದಿಯಿಲ್ಲದೆ ಬೇರೆಯವರ ಕೈಗೆ ಕೊಟ್ಟು ಬಂದೆ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ನಮ್ಮ ಅವ್ವ ಇದಕ್ಕಿಂತ ಹೆಚ್ಚು ವಿಚಾರಿಸುತ್ತಾಳೆ.

ಶುರುವಾದದ್ದು ಒಂದು ಫೋನಿನಿಂದ. ಎಂ.ಇಡಿ.ಯಲ್ಲಿ ನನ್ನ ಜೊತೆ ಓದಿದ ಹುಡುಗ. "ಅಕ್ಕಾ, ನಮ್ಮ ಕಾಲೇಜಿಗೆ ಶೇ 55 ದಾಟಿದವರು ತುರ್ತಾಗಿ ಬೇಕಾಗಿದ್ದಾರೆ. ಎಂ.ಎ.ಯಲ್ಲಿ ಎಷ್ಟು? ಎಂ.ಇಡಿ.ಯಲ್ಲಿ ಎಷ್ಟು?" ಎಂದ. ಮೂರು ವರ್ಷದ ಮೇಲೆ ಮಾತನಾಡುತ್ತಿದ್ದಾನೆ, ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಎಂದೂ ಕೇಳಲಿಲ್ಲ. ಕೇಳಿದ್ದು ಶೇಕಡಾವಾರು ಮಾತ್ರ. ಆಗಲೇ ನಾನು ತಿಳಿದುಕೊಳ್ಳಬೇಕಿತ್ತು.

ಈ ಶೇ 55ರ ತುರ್ತು ಎಂಥದ್ದೆಂದು ಈ ದಾರಿಯಲ್ಲಿ ನಡೆದವರಿಗೆ ಗೊತ್ತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ, ಅಂದರೆ ಎನ್‌ಸಿಟಿಇಯ, 2014ರ ನಿಯಮಗಳ ಪ್ರಕಾರ ನೂರು ವಿದ್ಯಾರ್ಥಿಗಳಿರುವ ಬಿ.ಇಡಿ. ಕಾಲೇಜಿಗೆ 16 ಮಂದಿ ಪೂರ್ಣಾವಧಿ ಬೋಧಕರು ಬೇಕು. ಪ್ರಾಂಶುಪಾಲರಿಗೆ ಸ್ನಾತಕೋತ್ತರ ಪದವಿ, ಎಂ.ಇಡಿ., ಪಿಎಚ್.ಡಿ., ಜೊತೆಗೆ ಎಂಟು ವರ್ಷದ ಬೋಧನಾನುಭವ. ಸಮಾಜ ವಿಜ್ಞಾನದಲ್ಲಿ ಎಂ.ಎ. ಮಾಡಿ ಬಂದ ನನ್ನಂಥವರಿಗೆ ಎಂ.ಎ., ಎಂ.ಇಡಿ. ಎರಡರಲ್ಲೂ ಶೇ 55. ಸಂಗೀತ, ಚಿತ್ರಕಲೆ ಕಲಿಸುವವರಿಗೂ ಅವರವರ ವಿಷಯದಲ್ಲಿ ಸ್ನಾತಕೋತ್ತರ ಪದವಿ. ಓದಲು ಬಹಳ ಚೆಂದ. ಆದರೆ 16 ಮಂದಿಗೆ ನ್ಯಾಯವಾದ ಸಂಬಳ ಕೊಟ್ಟರೆ ಸಂಸ್ಥೆಯವರಿಗೆ ಉಳಿಯುವುದೇನು? ಹಾಗಾಗಿ ಬೋಧಕರ ಬದಲು ಬೋಧಕರ ಕಾಗದ ಸಂಗ್ರಹಿಸುತ್ತಾರೆ. ಇದು ನನಗೆ ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾದೀತು. ಕೇಳಿದ್ದೆ. ಅದು ಬೇರೆಯವರಿಗೆ ಆಗುವ ಸಂಗತಿ ಎಂದುಕೊಂಡಿದ್ದೆ.

ಕಾಲೇಜಿನ ಹೆಸರು ಬರೆಯುವುದಿಲ್ಲ, ಕಾರಣ ಮುಂದೆ ತಿಳಿಯುತ್ತದೆ. ರಾಯಚೂರು ಜಿಲ್ಲೆಯಲ್ಲಿದೆ, ನಮ್ಮೂರಿನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ. ಸಂಸ್ಥೆಯ ಕಾರ್ಯದರ್ಶಿ ಅಕ್ಕಿ ಗಿರಣಿಯ ಸಾಹುಕಾರರು. ಸಂದರ್ಶನ ಎಂದು ಕರೆದು ಒಂದೇ ಒಂದು ಪಾಠದ ಪ್ರಶ್ನೆಯನ್ನೂ ಕೇಳಲಿಲ್ಲ. ಅಂಕಪಟ್ಟಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಭತ್ತ ಅಂಗೈಯಲ್ಲಿ ಉಜ್ಜಿ ನೋಡುವವರು ಹಾಗೆಯೇ ನೋಡುತ್ತಾರೆ. ಕೆ-ಸೆಟ್ ಪ್ರಮಾಣಪತ್ರ ಬಂದಾಗ ಮಾತ್ರ ಮುಖ ಅರಳಿತು. "ಇದೂ ಇದೆಯಾ ತಂಗಿ? ಒಳ್ಳೆಯದಾಯಿತು" ಎಂದರು. ನಾನು ಹಿಗ್ಗಿದೆ. ಆ ಹಿಗ್ಗನ್ನು ನೆನೆದರೆ ಈಗ ಮೈ ಉರಿಯುತ್ತದೆ. ತಿಂಗಳಿಗೆ 15,000 ರೂಪಾಯಿ ಎಂದು ಮಾತಾಯಿತು.

ಮರುವಾರ ಗುಮಾಸ್ತರು ಹೇಳಿದರು: "ಮೇಡಮ್, ಎಲ್‌ಐಸಿ ಬರುತ್ತದೆ. ಮೂಲ ದಾಖಲೆಗಳು ಇಲ್ಲಿಯೇ ಇರಬೇಕು. ಎಂಟು ದಿನ, ಅಷ್ಟೇ." ವಿಮೆಯ ಎಲ್‌ಐಸಿ ಅಲ್ಲ, ಸಂಯೋಜನೆ ನವೀಕರಿಸುವ ಮುನ್ನ ವಿಶ್ವವಿದ್ಯಾಲಯ ಕಳುಹಿಸುವ ಸ್ಥಳೀಯ ವಿಚಾರಣಾ ಸಮಿತಿ. ಕೊಟ್ಟೆ. ಎಸ್ಸೆಸ್ಸೆಲ್ಸಿಯಿಂದ ಕೆ-ಸೆಟ್‌ವರೆಗೆ ಎಲ್ಲವೂ, ಜೊತೆಗೆ ಜಾತಿ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371-ಜೆ ಪ್ರಮಾಣಪತ್ರ. ಅಪ್ಪ ಗಂಗಾವತಿಯಲ್ಲಿ ಕೊಡಿಸಿದ್ದ ನೀಲಿ ಫೈಲು ಸಮೇತ. ರಸೀದಿ ಕೇಳಬೇಕೆಂದು ಬಾಯಿಯವರೆಗೆ ಬಂತು. ಹೊಸ ಕೆಲಸ, ಮೊದಲ ವಾರವೇ ನಂಬಿಕೆಯಿಲ್ಲದವಳು ಎನಿಸಿಕೊಳ್ಳುವುದು ಬೇಡವೆಂದು ನುಂಗಿಕೊಂಡೆ.

ಅದೇ ದಿನ ಇನ್ನೆರಡು ತಪ್ಪು ಮಾಡಿದೆ. ಛಾಪಾ ಕಾಗದದ ಮೇಲೆ ಟೈಪ್ ಮಾಡಿದ್ದ ಅಫಿಡವಿಟ್‌ಗೆ ಓದದೆ ಸಹಿ ಹಾಕಿದೆ. ಮತ್ತು ಅವರೇ ಬ್ಯಾಂಕಿಗೆ ಕರೆದೊಯ್ದು ಖಾತೆ ತೆರೆಸಿ, ಬಂದ ಚೆಕ್ ಪುಸ್ತಕದ ಎಲ್ಲ ಹಾಳೆಗಳಿಗೂ ಸಹಿ ಮಾಡಿಸಿಕೊಂಡರು. "ಸಂಬಳ ಖಾತೆಗೇ ಹಾಕಬೇಕೆಂಬ ನಿಯಮ ಇದೆ ಮೇಡಮ್" ಎಂದರು ಗುಮಾಸ್ತರು. ನಿಯಮ ಇರುವುದು ನಿಜ. ಹಾಕುವುದೂ ನಿಜ. ತಿಂಗಳ ಮೊದಲ ವಾರ 36,000 ಬರುತ್ತಿತ್ತು, ಎರಡನೆಯ ದಿನ ನನ್ನದೇ ಸಹಿಯ ಚೆಕ್ಕಿನಿಂದ ಅಷ್ಟೂ ಹೋಗುತ್ತಿತ್ತು. ನನಗೆ ಲಕೋಟೆಯಲ್ಲಿ 15,000.

ಸಮಿತಿ ಬಂದ ದಿನದ ಬಗ್ಗೆ ಹೇಳಲೇಬೇಕು. ಅಲ್ಲಿಯವರೆಗೆ ಮೂರು ವಾರ ನಾನು ಆ ಕಾಲೇಜಿನಲ್ಲಿ ಕಂಡ ಬೋಧಕರು ಐದು ಮಂದಿ. ಅಂದು ಬೆಳಿಗ್ಗೆ ಸಿಬ್ಬಂದಿ ಕೊಠಡಿಯಲ್ಲಿ ಹದಿನಾರು ಕುರ್ಚಿ, ಹದಿನಾರು ಮಂದಿ. ದೂರದ ಊರಿನಿಂದ ಕಾರಿನಲ್ಲಿ ಪ್ರಾಂಶುಪಾಲರು ಬಂದರು. ತಮ್ಮ ಕೊಠಡಿ ಯಾವುದೆಂದು ಜವಾನನನ್ನು ಕೇಳಿದರು. ಸಂಗೀತದ ಬೋಧಕರ ಕುರ್ಚಿಯಲ್ಲಿ ಕುಳಿತಿದ್ದವರು ನಮ್ಮ ಕಡೆಯ ಒಂದು ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವವರು. ಬಹಳ ಚೆನ್ನಾಗಿ ನುಡಿಸುತ್ತಾರೆ, ಅದರಲ್ಲಿ ಎರಡು ಮಾತಿಲ್ಲ, ಆದರೆ ಅವರ ಎದುರಿದ್ದ ಕಾಗದದಲ್ಲಿ ಬೇರೆ ಯಾರದೋ ಹೆಸರು, ಸಂಗೀತದಲ್ಲಿ ಎಂ.ಎ. ಆ ಹೆಸರನ್ನು ಅವರು ಬಾಯಿಪಾಠ ಮಾಡುತ್ತಿದ್ದರು. ನನಗೆ ನಗು ಬಂತು. ಸಮಿತಿಯವರು ನನ್ನ ಮುಂದೆ ನಿಂತು "ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ?" ಎಂದು ಕೇಳುವವರೆಗೆ ನಗುತ್ತಲೇ ಇದ್ದೆ.

"ಎರಡು ವರ್ಷ ಸರ್" ಎಂದೆ. ಹಿಂದಿನ ದಿನ ಹಾಗೆ ಹೇಳಿಕೊಟ್ಟಿದ್ದರು. ಮೂರು ವಾರದವಳು ಎರಡು ವರ್ಷ ಎಂದೆ. ಹಾರ್ಮೋನಿಯಂ ಮಾಸ್ತರರಿಗೂ ನನಗೂ ಅಲ್ಲಿಗೆ ವ್ಯತ್ಯಾಸ ಮುಗಿಯಿತು. ಅವರು ಅಂದಿನ ಕೂಲಿ ತೆಗೆದುಕೊಂಡು ಮನೆಗೆ ಹೋದರು, ನನ್ನ ಫೈಲು ಬೀರುವಿನಲ್ಲಿ ಉಳಿಯಿತು.

ಮುಂದಿನ ಸೋಮವಾರ ಹೋದರೆ ಗುಮಾಸ್ತರು ಹೇಳುತ್ತಾರೆ: "ಮೇಡಮ್, ನೀವು ದಿನಾ ಇಷ್ಟು ದೂರ ಯಾಕೆ ಬರುತ್ತೀರಿ? ತಿಂಗಳಿಗೊಮ್ಮೆ ಬಂದು ಹಾಜರಿ ಪುಸ್ತಕಕ್ಕೆ ಸಹಿ ಮಾಡಿ ಹೋಗಿ. ಐದು ಸಾವಿರ ಕೊಡುತ್ತೇವೆ." ಹದಿನೈದು ಐದಾಯಿತು. ಪಾಠ? ಹೋದ ವರ್ಷ ಅಲ್ಲಿಯೇ ಬಿ.ಇಡಿ. ಮುಗಿಸಿದ ಹುಡುಗಿಯೊಬ್ಬಳು ನನ್ನ ವಿಷಯ ಓದಿಸುತ್ತಿದ್ದಳು. ಓದಿಸಲು ಮಕ್ಕಳಾದರೂ ಎಲ್ಲಿದ್ದರು? ತರಗತಿಗೆ ಶೇ 80, ಶಾಲಾ ಇಂಟರ್ನ್‌ಷಿಪ್‌ಗೆ ಶೇ 90 ಹಾಜರಿ ಇರಬೇಕೆಂಬುದು ಅದೇ 2014ರ ನಿಯಮ. ನಾನು ಒಂದೇ ದಿನ ಎಣಿಸಿದ ಅತಿ ಹೆಚ್ಚು ತಲೆ ಹದಿನಾಲ್ಕು. ನಾನು ಕೆಲಸಕ್ಕೆ ಹೋದದ್ದು ಪಾಠ ಮಾಡಲು. ನಂಬಿ, ಪಾಠದ ಟಿಪ್ಪಣಿ ಮಾಡಿಕೊಂಡು ಹೋಗುತ್ತಿದ್ದೆ.

ಕಷ್ಟ ಶುರುವಾದದ್ದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಅತಿಥಿ ಉಪನ್ಯಾಸಕರ ಆಯ್ಕೆಯಲ್ಲಿ ನನ್ನ ಹೆಸರು ಬಂದಾಗ. 2022ರ ಆದೇಶದಲ್ಲಿ ಕೆ-ಸೆಟ್‌ನಂಥ ಯುಜಿಸಿ ಅರ್ಹತೆ ಇದ್ದವರ ಗೌರವಧನ 13,000ದಿಂದ 30,000ಕ್ಕೆ ಏರಿದ ಮೇಲೆ ನಮ್ಮಂಥವರಿಗೆ ಅದೇ ದೊಡ್ಡ ಆಸೆ. ದಾಖಲೆ ಪರಿಶೀಲನೆಗೆ ಮೂಲ ಪ್ರತಿಗಳು ಬೇಕು. ಕೈಯಲ್ಲಿ ಒಂಬತ್ತು ದಿನ ಇತ್ತು. ಆ ಒಂಬತ್ತು ದಿನ ಬಂದ ಉತ್ತರಗಳು ಇವು.

ಮೊದಲ ದಿನ: "ಸಾಹುಕಾರರು ಮದುವೆಗೆ ಹೋಗಿದ್ದಾರೆ, ಬೀರುವಿನ ಕೀಲಿ ಅವರ ಹತ್ತಿರ ಇದೆ." ಎರಡನೆಯ ದಿನವೂ ಮದುವೆ. ಮೂರನೆಯ ದಿನ: "ದಾಖಲೆಗಳು ವಿಶ್ವವಿದ್ಯಾಲಯಕ್ಕೆ ಹೋಗಿವೆ." ನಾಲ್ಕನೆಯ ದಿನ ನಾನೇ ಹೋದೆ. ಶಕ್ತಿ ಯೋಜನೆಯಿಂದ ಟಿಕೆಟ್ ಉಚಿತ, ಉಳಿದ ಪುಣ್ಯ ಅದೊಂದೇ. ಬೀರು ಎದುರಿಗೇ ಇತ್ತು, ಕೀಲಿ ಅದರಲ್ಲಿಯೇ ನೇತಾಡುತ್ತಿತ್ತು. "ಇದರಲ್ಲಿಲ್ಲ ಮೇಡಮ್" ಎಂದರು. ಐದನೆಯ ದಿನ: "ಮೂರು ತಿಂಗಳ ನೋಟಿಸ್ ಕೊಡದೆ ಬಿಡುವಂತಿಲ್ಲ." ಆರನೆಯ ದಿನ ಸಾಹುಕಾರರೇ ಫೋನಿಗೆ ಸಿಕ್ಕರು. ದನಿ ಬಹಳ ಮೃದು. "ತಂಗೀ, ನಿನ್ನ ಖಾತೆಗೆ ತಿಂಗಳಿಗೆ 36,000ದಂತೆ ಹಾಕಿದ್ದೇವೆ. ಮಧ್ಯದಲ್ಲಿ ಬಿಟ್ಟುಹೋದರೆ ಅದನ್ನೆಲ್ಲ ಮರಳಿಸಬೇಕಲ್ಲ?" ಎಂದರು. ಆ ಹಣ ನಾನು ಕಣ್ಣಿನಿಂದಲೂ ನೋಡಿಲ್ಲ ಎಂದೆ. "ಚೆಕ್ಕಿನ ಮೇಲೆ ಸಹಿ ಯಾರದು?" ಎಂದರು.

ದೂರು ಕೊಡುತ್ತೇನೆ ಎಂದೆ. ಅವರು ನಕ್ಕರು. ಸಿಟ್ಟಿನ ನಗೆಯಲ್ಲ, ಮಗುವಿನ ಮಾತಿಗೆ ನಗುವ ಹಾಗೆ. "ಕೊಡು. ಸಮಿತಿಯ ಮುಂದೆ ಎರಡು ವರ್ಷ ಎಂದವಳು ನೀನು. ಅಫಿಡವಿಟ್ ಕೊಟ್ಟವಳು ನೀನು. ಮೊದಲು ನಿನ್ನನ್ನೇ ಕರೆಯುತ್ತಾರೆ."

ಫೋನ್ ಇಟ್ಟ ಮೇಲೆ ಎಷ್ಟೋ ಹೊತ್ತು ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಅನ್ನ ತಳ ಹಿಡಿದದ್ದು ವಾಸನೆ ಬಂದ ಮೇಲೆಯೇ ಗೊತ್ತಾಯಿತು. ಹೆಸರು ಬರೆಯದಿರುವುದು ಇದಕ್ಕೇ.

ಅಂದು ರಾತ್ರಿ ನಿದ್ದೆ ಬಾರದೆ ಆ ಕಾಲೇಜಿನ ಜಾಲತಾಣ ತೆರೆದೆ. ಬೋಧಕರ ಹೆಸರು, ವಿದ್ಯಾರ್ಹತೆ, ವೇತನ ಶ್ರೇಣಿಯನ್ನು ಫೋಟೊ ಸಮೇತ ಜಾಲತಾಣದಲ್ಲಿ ಹಾಕಬೇಕೆಂಬ ನಿಯಮ ಎನ್‌ಸಿಟಿಇಯದ್ದೇ. ಹನ್ನೊಂದನೆಯ ಸಾಲಿನಲ್ಲಿ ನಾನಿದ್ದೆ. ವೇತನದ ಕಾಲಮಿನಲ್ಲಿ "ಯುಜಿಸಿ ಶ್ರೇಣಿ" ಎಂದಿತ್ತು. ಸಹಾಯಕ ಪ್ರಾಧ್ಯಾಪಕರ ಯುಜಿಸಿ ಆರಂಭಿಕ ಮೂಲ ವೇತನ 57,700 ರೂಪಾಯಿ. ಐದು ಸಾವಿರದ ಲಕೋಟೆ ನೆನಪಾಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಅದೇ ಸಂಸ್ಥೆಯವರದು ಬೇರೆ ತಾಲ್ಲೂಕಿನಲ್ಲಿ ಇನ್ನೊಂದು ಬಿ.ಇಡಿ. ಕಾಲೇಜಿದೆ. ಯಾಕೋ ಅದನ್ನೂ ತೆರೆದೆ.

ಅಲ್ಲಿಯೂ ನಾನಿದ್ದೆ. ಅದೇ ಫೋಟೊ, ನೀಲಿ ಹಿನ್ನೆಲೆ, ಕೆ-ಸೆಟ್ ಅರ್ಜಿಗೆಂದು ತೆಗೆಸಿದ್ದು. ಕಾಲಿಟ್ಟೇ ಇಲ್ಲದ ಕಾಲೇಜು. ಅನುಭವ: 6 ವರ್ಷ. ಆರು ವರ್ಷದ ಹಿಂದೆ ನಾನೇ ಬಿ.ಇಡಿ. ಓದುತ್ತಿದ್ದೆ. ಬಿ.ಇಡಿ. ಓದುತ್ತಲೇ ಬಿ.ಇಡಿ.ಯವರಿಗೆ ಪಾಠ ಹೇಳಿದ್ದೇನೆ ಎಂದಾಯಿತು. ನಾನು ಓದದೆ ಸಹಿ ಹಾಕಿದ ಅಫಿಡವಿಟ್ ಒಂದೇ ಕಾಗದವಾಗಿತ್ತೋ ಎರಡೋ ಎಂದು ಆಗ ಯೋಚಿಸತೊಡಗಿದೆ. ಎರಡು ಕಡೆ ಸಹಿ ಮಾಡಿದ ನೆನಪು. ಮೂರಿರಲೂಬಹುದು.

ಆ ಎರಡು ಪುಟಗಳನ್ನು ಮುದ್ರಿಸಿಕೊಂಡು, ಎಂಟನೆಯ ದಿನ ಅಪ್ಪ, ಕಾಕಾ, ಕಾಕಾನಿಗೆ ಪರಿಚಯದ ಒಬ್ಬ ವಕೀಲರು, ನಾನು ಹೋದೆವು. ವಕೀಲರು ಹೆಚ್ಚು ಮಾತನಾಡಲಿಲ್ಲ. ಎರಡು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟರು. ಸಾಹುಕಾರರು ಅಪ್ಪನನ್ನು ನೋಡಿ "ಏನು ಗೌಡರೇ, ಮನೆಯ ಮಗಳಂತೆ ನೋಡಿಕೊಂಡೆವಲ್ಲ" ಎಂದರು. ಅಪ್ಪ ಉತ್ತರ ಕೊಡಲಿಲ್ಲ. ಚಹಾ ಬಂತು, ನಾವು ಮುಟ್ಟಲಿಲ್ಲ. ಸಂಜೆ ಐದರವರೆಗೆ ಕೂರಿಸಿ, ಯಾವ ಬಾಕಿಯೂ ಇಲ್ಲವೆಂದು ನನ್ನಿಂದ ಬರೆಸಿಕೊಂಡು, "ಖರ್ಚಿಗೆ" ಎಂದು 15,000 ತೆಗೆದುಕೊಂಡು ಫೈಲು ಕೊಟ್ಟರು. ಅದೇ ಹದಿನೈದು ಸಾವಿರ. ಎಣಿಸಿದರೆ ಎಂ.ಇಡಿ. ಎರಡನೆಯ ವರ್ಷದ ಅಂಕಪಟ್ಟಿ ಇಲ್ಲ. "ಇಲ್ಲಿಗೆ ಕೊಟ್ಟೇ ಇರಲಿಲ್ಲ" ಎಂದರು ಗುಮಾಸ್ತರು. ಈಗ ಕಳೆದುಹೋಗಿದೆಯೆಂದು ಪೊಲೀಸರಿಗೆ ಅರ್ಜಿ ಕೊಟ್ಟು ದ್ವಿಪ್ರತಿಗೆ ಅಲೆಯುತ್ತಿದ್ದೇನೆ. ಅತಿಥಿ ಉಪನ್ಯಾಸಕಿಯ ಜಾಗವೂ ಸಿಗಲಿಲ್ಲ. ಆ ಕಥೆ ಬೇರೆ, ಅದನ್ನು ಬರೆಯಲು ಈಗ ಮನಸ್ಸಿಲ್ಲ.

ನಿಮಗೆ ಹೇಳುವುದಿಷ್ಟೇ. ಮೂಲ ದಾಖಲೆ ತೋರಿಸಿ, ಅದೇ ಬಸ್ಸಿಗೆ ವಾಪಸ್ ತನ್ನಿ. ಜೆರಾಕ್ಸ್ ಕೊಟ್ಟರೆ ಅಡ್ಡಲಾಗಿ ಕಾಲೇಜಿನ ಹೆಸರು, ತಾರೀಕು, ಯಾವ ಉದ್ದೇಶಕ್ಕೆ ಎಂಬುದನ್ನು ಬರೆದು ಸಹಿ ಹಾಕಿ. ಬರೆಯದ ಚೆಕ್ಕಿಗೆ ಸಹಿ ಬೇಡ. ನಿಮ್ಮ ಶೇಕಡಾವಾರು ಮೊದಲು ಕೇಳುವ ಗೆಳೆಯನ ಫೋನನ್ನು ಎತ್ತಲೇಬೇಡಿ. ಅವನಿಗೆ ತಲೆಗೆ ಇಷ್ಟು ಎಂದು ಸಿಗುತ್ತಿತ್ತಂತೆ, ಆಮೇಲೆ ತಿಳಿಯಿತು. ಹಿಂದೆ ಎಲ್ಲಿಯಾದರೂ ದಾಖಲೆ ಕೊಟ್ಟಿದ್ದರೆ ಆ ಕಾಲೇಜಿನ, ಅದರ ಸೋದರ ಕಾಲೇಜುಗಳ ಬೋಧಕರ ಪಟ್ಟಿಯನ್ನು ಇಂದೇ ನೋಡಿ.

ನಿನ್ನೆ ಮತ್ತೆ ನೋಡಿದೆ. ಹನ್ನೊಂದನೆಯ ಸಾಲಿನಿಂದ ನನ್ನನ್ನು ತೆಗೆದಿದ್ದಾರೆ. ಆ ಜಾಗದಲ್ಲಿ ಬೇರೆ ಹೆಸರು, ಬೇರೆ ಫೋಟೊ. ಕನ್ನಡಕ ಹಾಕಿದ, ನನಗಿಂತ ಚಿಕ್ಕ ವಯಸ್ಸಿನ ಹುಡುಗಿ. ಎಂ.ಎ., ಎಂ.ಇಡಿ., ಅನುಭವ 4 ವರ್ಷ. ತಂಗೀ, ಇದು ನಿನ್ನ ಕಣ್ಣಿಗೆ ಬಿದ್ದರೆ ನಾಳೆಯೇ ಹೋಗು. ಫೈಲು ಗುಮಾಸ್ತರ ಹಿಂದಿನ ಬೀರುವಿನಲ್ಲಿ, ಮೇಲಿನಿಂದ ಎರಡನೆಯ ಅರೆಯಲ್ಲಿ ಇರುತ್ತದೆ. ಕೀಲಿ ಅದರಲ್ಲಿಯೇ ಇರುತ್ತದೆ.