ಆಸ್ಪತ್ರೆ, ಕಾಲೇಜು, ಪತ್ತಿನ ಸಂಘಕ್ಕೆ ಒಂದೇ ಲಾಗಿನ್: ಕೀಕ್ಲೋಕ್ ಬಳಸಿದವಳ ವಿಮರ್ಶೆ

ಒಂದೇ ಆಡಳಿತದ ಕೆಳಗೆ ಆಸ್ಪತ್ರೆ, ನರ್ಸಿಂಗ್ ಕಾಲೇಜು ಮತ್ತು ನೌಕರರ ಪತ್ತಿನ ಸಂಘ ಇರುವ ಕಡೆ ಲಾಗಿನ್ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಮೂರಕ್ಕೂ ಮೂರು ಸಾಫ್ಟ್‌ವೇರ್, ಮೂರೂ ಬೇರೆ ಬೇರೆ ಕಾಲದವು. ಬೆಳಿಗ್ಗೆ ಪಾಠ ಮಾಡಿ ಮಧ್ಯಾಹ್ನ ವಾರ್ಡಿಗೆ ಹೋಗುವ ಬೋಧಕಿಗೆ ಎರಡು ಖಾತೆ, ಸಾಲದ ಕಂತು ನೋಡಲು ಮೂರನೆಯದು. ಯಾರಾದರೂ ಕೆಲಸ ಬಿಟ್ಟರೆ ಒಂದು ಕಡೆ ಖಾತೆ ಮುಚ್ಚುತ್ತಿತ್ತು, ಉಳಿದ ಎರಡು ಕಡೆ ತೆರೆದೇ ಇರುತ್ತಿತ್ತು. ನನ್ನ ನಿದ್ದೆ ಕೆಡಿಸುತ್ತಿದ್ದದ್ದು ಈ ಎರಡನೆಯ ವಿಷಯ. ಇವನ್ನೆಲ್ಲ ಒಂದು ಮಾಡಲು ನಾವು ಹಾಕಿಕೊಂಡದ್ದು ಕೀಕ್ಲೋಕ್.

ಇದು ರೆಡ್ ಹ್ಯಾಟ್ ಕಂಪನಿಯವರು ಶುರುಮಾಡಿದ ಓಪನ್ ಸೋರ್ಸ್ ಸಾಫ್ಟ್‌ವೇರ್. ಮೊದಲ ಸ್ಥಿರ ಆವೃತ್ತಿ ಬಂದದ್ದು 2014ರಲ್ಲಿ. 2023ರಿಂದ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ ಎಂಬ ಸಂಸ್ಥೆಯ ಆಶ್ರಯದಲ್ಲಿದೆ. ಲೈಸೆನ್ಸಿಗೆ ದುಡ್ಡಿಲ್ಲ. ಆದರೆ ಅದನ್ನೇ ಕಣ್ಣಿಟ್ಟು ನೋಡಿಕೊಳ್ಳುವ ಒಬ್ಬರು ಬೇಕೇ ಬೇಕು.

ಬೇರೆ ಬೇರೆ ಲಾಗಿನ್ ಪದ್ಧತಿಗಳ ನಡುವಿನ ಭಾಷಾಂತರದ ಕೆಲಸದಲ್ಲಿ ಇದಕ್ಕೆ ಪೂರ್ತಿ ಅಂಕ. ಕಾಲೇಜಿನ ಲೈಬ್ರರಿಗೆ 2005ರ ಸ್ಯಾಮಲ್ 2.0 ಎಂಬ ಲಾಗಿನ್ ಮಾನದಂಡ ಬಿಟ್ಟರೆ ಬೇರೇನೂ ತಿಳಿಯದು. ಆಸ್ಪತ್ರೆಯ ಹೊಸ ಪೋರ್ಟಲ್ ಓಪನ್‌ಐಡಿ ಕನೆಕ್ಟ್ ಎಂಬ ಇನ್ನೊಂದು ಮಾನದಂಡ ಕೇಳುತ್ತದೆ. ನೌಕರರ ಪಟ್ಟಿ ಮತ್ತು ಪಾಸ್‌ವರ್ಡ್ ಹಳೆಯ ಎಲ್‌ಡ್ಯಾಪ್ ಡೈರೆಕ್ಟರಿಯಲ್ಲೇ (ಬಳಕೆದಾರರ ಪಟ್ಟಿ ಇಡುವ ಸರ್ವರ್) ಇವೆ. ಕೀಕ್ಲೋಕ್ ನಡುವೆ ನಿಂತು ಎಲ್ಲರೊಂದಿಗೂ ಅವರವರ ಭಾಷೆಯಲ್ಲೇ ಮಾತಾಡುತ್ತದೆ. ಹಳೆಯದನ್ನು ಕಿತ್ತೆಸೆಯದೆ ಜೋಡಿಸಲು ಸಾಧ್ಯವಾದದ್ದು ಇದರಿಂದ.

ಹೊರಗಿನ ಲಾಗಿನ್ ಒಪ್ಪಿಕೊಳ್ಳುವ ಜಾಗ ಮಾತ್ರ ನಾಜೂಕಿನದು. ಇನ್ನೊಂದು ವಿಶ್ವವಿದ್ಯಾಲಯದ ಖಾತೆಯಿಂದ ಬಂದವರ ಇಮೇಲ್, ನಮ್ಮಲ್ಲಿ ಮೊದಲೇ ಇರುವ ಖಾತೆಯ ಇಮೇಲ್‌ಗೆ ಹೊಂದಿದರೆ ಏನು ಮಾಡಬೇಕು? ಕೀಕ್ಲೋಕ್ ತಾನಾಗಿ ಎರಡನ್ನೂ ಬೆಸೆಯುವುದಿಲ್ಲ. ಈ ಇಮೇಲಿನ ಖಾತೆ ಈಗಾಗಲೇ ಇದೆ ಎಂದು ಹೇಳಿ, ಇಮೇಲ್ ದೃಢೀಕರಿಸಿ ಅಥವಾ ಹಳೆಯ ಪಾಸ್‌ವರ್ಡ್ ಕೊಡಿ ಎನ್ನುತ್ತದೆ. ಬಳಕೆದಾರರಿಗೆ ಇದು ಕಿರಿಕಿರಿ. ಹಾಗೆಂದು ತೆಗೆಯಬೇಡಿ. ಆ ಕಡೆಯವರು ಇಮೇಲ್ ಪರಿಶೀಲಿಸದೇ ಖಾತೆ ಕೊಡುತ್ತಿದ್ದರೆ, ಯಾರು ಬೇಕಾದರೂ ನಮ್ಮ ವೈದ್ಯರ ಇಮೇಲ್ ಹಾಕಿಕೊಂಡು ಒಳಗೆ ಬರಬಹುದು. 'ಟ್ರಸ್ಟ್ ಇಮೇಲ್' ಎಂಬ ಗುಂಡಿ ಒತ್ತುವ ಮೊದಲು ಆ ಸಂಸ್ಥೆ ಇಮೇಲನ್ನು ಹೇಗೆ ಪರಿಶೀಲಿಸುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ನನಗೆ ತುಂಬ ಇಷ್ಟವಾದದ್ದು 'ಇವ್ಯಾಲ್ಯುಯೇಟ್' ಎಂಬ ಟ್ಯಾಬ್. ಬಳಕೆದಾರರೊಬ್ಬರ ಹೆಸರು ಆರಿಸಿದರೆ ಸಾಕು, ಅವರು ಲಾಗಿನ್ ಆದಾಗ ಆ ಸಾಫ್ಟ್‌ವೇರಿಗೆ ಹೋಗುವ ಟೋಕನ್‌ನಲ್ಲಿ (ಬಳಕೆದಾರರ ವಿವರ ಹೊತ್ತ ಡಿಜಿಟಲ್ ಚೀಟಿ) ಏನೇನಿರುತ್ತದೆ ಎಂಬುದನ್ನು ಮುಂಚೆಯೇ ಬಿಚ್ಚಿ ತೋರಿಸುತ್ತದೆ. ಆಸ್ಪತ್ರೆಯ ದಾಖಲೆ ವಿಭಾಗದ ಮೇಡಂ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾಲೇಜಿನ ಹಾಜರಾತಿ ಆ್ಯಪ್‌ಗೆ ಹೋಗುವ ಟೋಕನ್ ತೆರೆದೆ. ಹೆಸರು, ಇಮೇಲ್, ಅದರ ಕೆಳಗೆ ಜನ್ಮದಿನಾಂಕ, ಇನ್ನೂ ಕೆಳಗೆ ಆಸ್ಪತ್ರೆಯಲ್ಲಿ ಅವರಿಗಿರುವ ಎಲ್ಲ ಪಾತ್ರಗಳ (ಹೊಣೆ, ಅಧಿಕಾರ) ಉದ್ದನೆಯ ಪಟ್ಟಿ. "ಹಾಜರಿ ಹಾಕೋಕೆ ಇವರ ಹುಟ್ಟಿದ ದಿನ ಯಾಕ್ರೀ ಬೇಕು? ಯಾವ ವಾರ್ಡಲ್ಲಿ ಡ್ಯೂಟಿ ಅಂತ ಕಾಲೇಜಿಗೆ ಯಾಕೆ ಗೊತ್ತಾಗಬೇಕು?" ಎಂದರು ಅವರು. ಎರಡನ್ನೂ ಅಲ್ಲೇ ತೆಗೆದೆವು. ಪಾತ್ರಗಳ ಪಟ್ಟಿ ಬಂದದ್ದು 'ಫುಲ್ ಸ್ಕೋಪ್ ಅಲೌಡ್' ಎಂಬ ಆಯ್ಕೆಯಿಂದ. ಹೊಸ ಕ್ಲೈಂಟ್, ಅಂದರೆ ಕೀಕ್ಲೋಕ್‌ನ ಲಾಗಿನ್ ಬಳಸುವ ಸಾಫ್ಟ್‌ವೇರ್, ಸೇರಿಸಿದಾಗ ಅದು ಆನ್ ಆಗಿಯೇ ಬರುತ್ತದೆ. ಇದು ಆಫ್ ಆಗಿ ಬರಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಂಪ್ಯೂಟರ್ ಓದದ ಒಬ್ಬರು ತಮ್ಮ ವಿಭಾಗದ ಮಾಹಿತಿ ಎಲ್ಲಿಗೆ ಹೋಗುತ್ತಿದೆ ಎಂದು ಕಣ್ಣಾರೆ ನೋಡಿ ತೀರ್ಮಾನ ಹೇಳುವಂತಾದದ್ದು ಮಾತ್ರ ಯಾವ ತರಬೇತಿಗಿಂತಲೂ ದೊಡ್ಡದು.

ಇನ್ನು ನಂಬಿಕೆಯ ಮಟ್ಟ. ಹಾಜರಾತಿಗೆ ಪಾಸ್‌ವರ್ಡ್ ಸಾಕು, ಔಷಧದ ಆದೇಶ ಬದಲಿಸಲು ಸಾಲದು. ಎಸಿಆರ್ ಮಟ್ಟ, ಅಂದರೆ ಎಲ್ಲಿಗೆ ಎಷ್ಟು ಗಟ್ಟಿ ಲಾಗಿನ್ ಬೇಕು ಎಂಬುದನ್ನು, ಹೊಂದಿಸಿದರೆ, ಆ ಪುಟಕ್ಕೆ ಬಂದಾಗ ಮಾತ್ರ ಕೀಕ್ಲೋಕ್ ಒಟಿಪಿಯನ್ನೋ ಪಾಸ್‌ಕೀಯನ್ನೋ (ಪಾಸ್‌ವರ್ಡ್ ಬದಲಿಗೆ ಬಳಸುವ ಡಿಜಿಟಲ್ ಕೀಲಿ) ಕೇಳುತ್ತದೆ. ಚೆನ್ನಾಗಿದೆ. ಆದರೆ ಲಾಗಿನ್ ಎಷ್ಟು ಗಟ್ಟಿ ಎಂಬುದು ಒಂದು ಪ್ರಶ್ನೆ, ಖಾತೆ ತೆರೆಯುವಾಗ ಆ ವ್ಯಕ್ತಿ ಯಾರೆಂದು ಎಷ್ಟು ಪರಿಶೀಲಿಸಿದ್ದರು ಎಂಬುದು ಇನ್ನೊಂದು. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ತನ್ನ 2017ರ ಮಾರ್ಗಸೂಚಿಯಲ್ಲಿ ಇವೆರಡನ್ನು ಬೇರ್ಪಡಿಸಿತು. ಕಾಲೇಜು ಪ್ರವೇಶ ಪತ್ರ ನೋಡಿ ಖಾತೆ ಕೊಟ್ಟಿದೆ, ಪತ್ತಿನ ಸಂಘ ಮೂಲ ದಾಖಲೆ ನೋಡಿ ಕೊಟ್ಟಿದೆ. ಕಾಲೇಜಿನ ಖಾತೆಗೆ ಪಾಸ್‌ಕೀ ಸೇರಿಸಿದ ಮಾತ್ರಕ್ಕೆ ಅದರ ಮೇಲೆ ಸಾಲ ಮಂಜೂರು ಮಾಡಲಾಗದು. ಕೀಕ್ಲೋಕ್ ಈ ವ್ಯತ್ಯಾಸವನ್ನು ನಿಮ್ಮ ಪರವಾಗಿ ನಿರ್ಧರಿಸುವುದಿಲ್ಲ. ಯಾರು, ಏನು ನೋಡಿ ಪರಿಶೀಲಿಸಿದರು ಎಂಬುದನ್ನು ನಾವೇ ಒಂದು ವಿವರವಾಗಿ ಟೋಕನ್‌ಗೆ ಸೇರಿಸಿದೆವು. ಅದರ ಅರ್ಥವನ್ನು ಮೂರೂ ಕಡೆಯವರು ಕೂತು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದರು. ಇಡೀ ಯೋಜನೆಯಲ್ಲಿ ಹೆಚ್ಚು ಸಮಯ ತಿಂದದ್ದು ಈ ಹಾಳೆ, ಸರ್ವರ್ ಅಲ್ಲ.

ಇನ್ನೊಂದು ಎಚ್ಚರಿಕೆ. ಸುಮ್ಮನೆ ಬಿಟ್ಟರೆ ಒಂದು ರೆಲ್ಮ್‌ನ (ಕೀಕ್ಲೋಕ್‌ನೊಳಗಿನ ಒಂದು ಆಡಳಿತ ವಲಯ) ಎಲ್ಲ ಕ್ಲೈಂಟ್‌ಗಳಿಗೂ ಒಬ್ಬರ ಗುರುತಿನ ಸಂಖ್ಯೆ ಒಂದೇ ಹೋಗುತ್ತದೆ. ಅಂದರೆ ಚಿಕಿತ್ಸೆಯ ದಾಖಲೆ ಮತ್ತು ಸಾಲದ ದಾಖಲೆಯನ್ನು ಪಕ್ಕದಲ್ಲಿಟ್ಟು ಹೊಂದಿಸುವುದು ಯಾರಿಗಾದರೂ ಸುಲಭ. ಪೇರ್‌ವೈಸ್ ಮ್ಯಾಪರ್ ಎಂಬ ಆಯ್ಕೆ ಹಾಕಿದರೆ ಒಂದೊಂದು ಕಡೆಗೆ ಒಂದೊಂದು ಸಂಖ್ಯೆ. ಇದನ್ನು ಮೊದಲ ದಿನವೇ ಮಾಡಿ, ಆಮೇಲೆ ಸಂಖ್ಯೆ ಬದಲಾದರೆ ಆ ಕಡೆಯ ಸಾಫ್ಟ್‌ವೇರ್ ಹಳಬರನ್ನೂ ಹೊಸಬರೆಂದು ತಿಳಿಯುತ್ತದೆ.

ದೂರುಗಳೂ ಇವೆ. ಆವೃತ್ತಿ ಬದಲಾವಣೆ ಸಲೀಸಲ್ಲ: 2022ರಲ್ಲಿ 17ನೇ ಆವೃತ್ತಿಯೊಂದಿಗೆ ತಾನು ಓಡುವ ತಳಹದಿಯಾಗಿದ್ದ ವೈಲ್ಡ್‌ಫ್ಲೈ ಬಿಟ್ಟು ಕ್ವಾರ್ಕಸ್‌ಗೆ ಬಂದಾಗ ವಿಳಾಸದೊಳಗಿನ 'ಆತ್' ಭಾಗವೇ ಹೋಯಿತು, ಹಳೆಯ ಕೊಂಡಿಗಳನ್ನೆಲ್ಲ ತಿದ್ದಬೇಕಾಯಿತು. ಕೆಲಸ ಬಿಟ್ಟವರ ಖಾತೆಯನ್ನು ಎಲ್ಲ ಕಡೆ ತಾನಾಗಿ ಮುಚ್ಚಲು ಸ್ಕಿಮ್ ಎಂಬ ಮಾನದಂಡ ಇದೆ, ಅದರ 2.0 ಆವೃತ್ತಿ ಬಂದದ್ದು 2015ರಲ್ಲಿ. ನಾವು ಬಳಸುತ್ತಿರುವ ಆವೃತ್ತಿಯಲ್ಲಿ ಅದಕ್ಕೆ ಬೇರೆಯವರು ಬರೆದ ಎಕ್ಸ್‌ಟೆನ್ಶನ್ ಹಾಕಿಕೊಂಡೆವು. ಖಾತೆ ನಿಲ್ಲಿಸಿದರೆ ಹೊಸ ಲಾಗಿನ್ ಮೂರೂ ಕಡೆ ಆ ಕ್ಷಣವೇ ನಿಲ್ಲುತ್ತದೆ, ನಿಜ. ಆಗಲೇ ಒಳಗಿರುವವರನ್ನು ಹೊರಗೆ ಕಳಿಸಲು ಆ ಕಡೆಯ ಸಾಫ್ಟ್‌ವೇರೂ ಲಾಗ್‌ಔಟ್ ಸಂದೇಶ ಕೇಳಿಸಿಕೊಳ್ಳಬೇಕು. ಅದಕ್ಕೇ ಟೋಕನ್ ಆಯಸ್ಸನ್ನು ಕೆಲವೇ ನಿಮಿಷಕ್ಕೆ ಇಳಿಸಿದ್ದೇನೆ.

ಒಂದೇ ಆ್ಯಪ್ ನಡೆಸುವವರಿಗೆ ಕೀಕ್ಲೋಕ್ ಹೊರೆ, ತೆಗೆದುಕೊಳ್ಳಿ ಎಂದು ಹೇಳಲಾರೆ. ಎರಡು ಮೂರು ಕ್ಷೇತ್ರದವರು ಒಬ್ಬರ ಲಾಗಿನ್ ಇನ್ನೊಬ್ಬರು ಒಪ್ಪಬೇಕಾದ ಜಾಗದಲ್ಲಿದ್ದರೆ ಧೈರ್ಯವಾಗಿ ಹಾಕಿಕೊಳ್ಳಿ; ಹಾಕುವ ಮೊದಲು ಎಲ್ಲರನ್ನೂ ಕರೆದು ಆ ಹಾಳೆ ಬರೆಸಿ.