ಹಾಸಿಗೆ ಅಂಗಡಿಯವರು ಮೊದಲು ಕೇಳಿದ್ದು ಮಂಚದ ಬಗ್ಗೆ

ಒಂದು ವರ್ಷದಿಂದ ಬೆಳಗ್ಗೆ ಏಳುವಾಗ ನನಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಎದ್ದು, ಹಲ್ಲುಜ್ಜಿ, ಕಾಫಿಗೆ ಹಾಲಿಟ್ಟು, ಅದು ಉಕ್ಕುವ ಹೊತ್ತಿಗೆ ಸರಿಹೋಗುತ್ತಿತ್ತು. ಹಗಲೆಲ್ಲ ಏನೂ ಇಲ್ಲ. ಹಾಗಾಗಿ ತಪ್ಪು ಹಾಸಿಗೆಯದ್ದೇ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ನಮ್ಮದು ಹನ್ನೊಂದು ವರ್ಷದ ಹಳೆ ಫೋಮ್ ಹಾಸಿಗೆ, ಮದುವೆಯಲ್ಲಿ ಬಂದಿದ್ದು. ಮಧ್ಯದಲ್ಲಿ ಗುಂಡಿ. ರಾತ್ರಿ ಆಚೆ ಈಚೆ ಅಂಚಿನಲ್ಲಿ ಮಲಗಿದರೂ ಬೆಳಗ್ಗೆ ಇಬ್ಬರೂ ಆ ಗುಂಡಿಯಲ್ಲೇ ಸಿಗುತ್ತಿದ್ದೆವು.

ಅತ್ತೆಯದ್ದು ಒಂದೇ ಮಾತು, ಹತ್ತಿ ಹಾಸಿಗೆ ಹೊಲಿಸಿ. ಅವರದ್ದು ಬೂರುಗದ ಹತ್ತಿಯ ಹಾಸಿಗೆ. ಎರಡು ಮೂರು ವರ್ಷಕ್ಕೊಮ್ಮೆ ಬಿಚ್ಚಿಸಿ, ಹತ್ತಿ ಹಿಂಜಿಸಿ, ಮತ್ತೆ ತುಂಬಿಸುತ್ತಾರೆ. ಮಲಗೋಕೆ ಚೆನ್ನಾಗಿದೆ, ಸುಳ್ಳು ಹೇಳಲ್ಲ, ಬೇಸಿಗೆಯಲ್ಲೂ ತಂಪು. ಆದರೆ ಗಂಟು ಕಟ್ಟುತ್ತೆ, ತಿಂಗಳಿಗೊಮ್ಮೆ ತಾರಸಿಗೆ ಹೊತ್ತು ಬಿಸಿಲಿಗೆ ಹಾಕಬೇಕು, ಹೊರೋದು ಯಾರು ಅಂದರೆ ನಾನೇ. ಸೊಂಟ ನೋವಿನವಳು ಸೊಂಟ ನೋವು ಹೋಗಲಿ ಅಂತ ಹಾಸಿಗೆ ಹೊರೋದು ಯಾವ ನ್ಯಾಯ?

ಹೋದ ವರ್ಷ ಏಪ್ರಿಲ್‌ನಲ್ಲಿ ಮೈಸೂರಿನ ಕುವೆಂಪುನಗರದಲ್ಲಿ ನಾದಿನಿ ಮನೆಗೆ ಹೋದಾಗ ಮೆಮೊರಿ ಫೋಮ್ ಮೇಲೆ ಎರಡು ರಾತ್ರಿ ಮಲಗಿದ್ದೆವು. ಮೊದಲ ಐದು ನಿಮಿಷ ಸ್ವರ್ಗ. ಬೆಣ್ಣೆಯಲ್ಲಿ ಇಳಿದ ಹಾಗೆ. ಮಧ್ಯರಾತ್ರಿ ಕರೆಂಟ್ ಹೋಯಿತು, ಫ್ಯಾನ್ ನಿಂತಿತು. ಆಮೇಲೆ ಗೊತ್ತಾಯಿತು ಅದರ ಗುಣ. ಮೈಯ ಶಾಖಕ್ಕೇ ಆ ಫೋಮ್ ಮೆತ್ತಗಾಗೋದು, ಮೆತ್ತಗಾಗಿ ಮೈಗೆ ಸುತ್ತಿಕೊಳ್ಳೋದು, ಬೆನ್ನಿಗೆ ಗಾಳಿ ಆಡೋಕೆ ಜಾಗವೇ ಇಲ್ಲ. ಹೊರಳಬೇಕು ಅಂದರೆ ಹಳ್ಳದಿಂದ ಹತ್ತಿ ಬಂದ ಹಾಗೆ. ಎಸಿ ಇರೋ ಮನೆಗೆ ಸರಿ ಇರಬಹುದು. ನಮ್ಮ ಮಂಡ್ಯದ ಬೇಸಿಗೆಗೆ, ಸೊಳ್ಳೆ ಅಂತ ಕಿಟಕಿ ಮುಚ್ಚಿಕೊಂಡು ಮಲಗುವ ನಮಗೆ, ಬೇಡ.

ಆಷಾಢದ ಆಫರ್ ಶುರುವಾದಾಗ ಮೈಸೂರಿಗೆ ಹೋಗಿ ಒಂದು ದೊಡ್ಡ ಶೋರೂಮ್ ಹೊಕ್ಕೆವು. ಹೆಸರು ಬೇಡ ಬಿಡಿ. ಹುಡುಗ ಚೆನ್ನಾಗಿ ಮಾತಾಡಿದ. ಮೆಮೊರಿ ಫೋಮ್ ತೋರಿಸಿ, ನಾಸಾದವರು ಮಾಡಿದ್ದು ಮೇಡಂ ಅಂದ. ಅದು ನಿಜವೇ, 1966ರಲ್ಲಿ ನಾಸಾಗೆ ಅಂತಲೇ ಮಾಡಿದ್ದು. ಆದರೆ ಮಾಡಿದ್ದು ವಿಮಾನದ ಸೀಟಿಗೆ, ಪೆಟ್ಟು ತಡೆಯಲಿ ಅಂತ. ನಾನೇನು ಹಾಸಿಗೆ ಮೇಲೆ ವಿಮಾನ ಓಡಿಸಬೇಕಾ? ಆಮೇಲೆ ಆರ್ಥೋಪೆಡಿಕ್ ಅಂತ ಬರೆದಿದ್ದ ಮೂರು ಹಾಸಿಗೆ ತೋರಿಸಿದ. ಒಂದು ಹಲಗೆ ಥರ ಗಟ್ಟಿ, ಒಂದು ಮಧ್ಯಮ, ಇನ್ನೊಂದು ಕೈ ಊರಿದರೆ ಇಳಿಯುತ್ತಿತ್ತು. ಮೂರೂ ಆರ್ಥೋ ಆದರೆ ಆ ಪದಕ್ಕೆ ಅರ್ಥ ಏನು? ಕೇಳಿದೆ. ನಕ್ಕ. ಮಲಗಿ ನೋಡಲಾ ಅಂದರೆ ಪ್ಲಾಸ್ಟಿಕ್ ಕವರ್ ತೆಗೆಯೋ ಹಾಗಿಲ್ಲ ಅಂದ. ಪ್ಲಾಸ್ಟಿಕ್ ಮೇಲೆ ಎರಡು ನಿಮಿಷ ಚರಪರ ಅನ್ನಿಸಿಕೊಂಡು ಎದ್ದು ಬಂದೆವು.

ಸೊಂಟಕ್ಕೆ ಗಟ್ಟಿ ಇದ್ದಷ್ಟೂ ಒಳ್ಳೇದು ಅಂತ ನಾನೂ ನಂಬಿದ್ದೆ. ಫಿಸಿಯೋಥೆರಪಿ ಮಾಡುವವರು ಬೈದರು. ಸ್ಪೇನ್‌ನಲ್ಲಿ ಸೊಂಟ ನೋವಿನ 313 ಜನರನ್ನು ಎರಡು ಗುಂಪು ಮಾಡಿ ಮಲಗಿಸಿ ನೋಡಿದ್ದಾರಂತೆ, 2003ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ, ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಗಟ್ಟಿ ಹಾಸಿಗೆಯವರಿಗೇ ನೋವು ಹೆಚ್ಚು ಇಳಿದಿದ್ದು. ಸುಮ್ನೆ ನೆಲದ ಮೇಲೆ ಚಾಪೆ ಹಾಕಿ ಮಲಗಬೇಡಿ ಅಂದರು. ಅದನ್ನೂ ಮಾಡುತ್ತಿದ್ದೆ, ಹೇಗೆ ಗೊತ್ತಾಯಿತೋ.

ಈಗ ನಾನು ಹೇಳಬೇಕು ಅಂತ ಕೂತಿರುವ ಅಂಗಡಿಗೆ ಬರುತ್ತೇನೆ. ಮಂಡ್ಯದ್ದೇ, ವಿ.ವಿ. ರಸ್ತೆಯಿಂದ ಒಳಗೆ ಹೋದರೆ ಸಿಗುವ ಪುಟ್ಟ ಅಂಗಡಿ, ಮುಂದೆ ದಿಂಬು ನೇತುಹಾಕಿರುತ್ತಾರೆ, ಹಿಂದೆ ಹೊಲಿಗೆ ಮಿಷನ್. ಹಾಸಿಗೆ ಬೇಕು ಅಂದೆವು. ಯಜಮಾನರು ಬಜೆಟ್ ಕೇಳಲಿಲ್ಲ. ಮಂಚ ಎಂಥದು ಅಂದರು. ಮರದ್ದು, ಮೇಲೆ ಪ್ಲೈವುಡ್ ಅಂದೆ. "ಮನೆಗೆ ಹೋಗಿ ಹಾಸಿಗೆ ಎತ್ತಿ. ಪ್ಲೈವುಡ್ ಮೇಲೆ ಈ ಕಡೆಯಿಂದ ಆ ಕಡೆಗೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ. ಆಮೇಲೆ ಬನ್ನಿ." ಬಂದ ಗಿರಾಕಿಯನ್ನು ವಾಪಸ್ ಕಳಿಸುವವರನ್ನು ನಾನು ಅವತ್ತೇ ನೋಡಿದ್ದು.

ದಾರ ಹಿಡಿದೆವು. ಮಧ್ಯದಲ್ಲಿ ದಾರಕ್ಕೂ ಪ್ಲೈವುಡ್‌ಗೂ ಎರಡು ಬೆರಳು ತೂರುವಷ್ಟು ಸಂದು! 6 ಎಂ.ಎಂ. ಪ್ಲೈವುಡ್, ಕೆಳಗೆ ಎರಡೇ ಅಡ್ಡಪಟ್ಟಿ, ಅದರಲ್ಲೂ ಒಂದರ ಮೊಳೆ ಕಿತ್ತುಕೊಂಡು ಬಂದಿತ್ತು. ಒಂದು ವರ್ಷ ಹಾಸಿಗೆಯನ್ನು ಬೈದಿದ್ದೆ. ಬಡಗಿಯನ್ನು ಕರೆಸಿ 12 ಎಂ.ಎಂ. ಪ್ಲೈವುಡ್ ಹಾಕಿಸಿ, ಇನ್ನೂ ಎರಡು ಪಟ್ಟಿ ಕೊಡಿಸಿದೆವು, ಕೂಲಿ ಸೇರಿ 3,400 ರೂಪಾಯಿ. ಅದೇ ಹಳೆ ಹಾಸಿಗೆ ಮೇಲೆ ಒಂದು ವಾರ ಮಲಗಿದೆ. ನೋವು ಅರ್ಧಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ, ಫೋಮ್ ಸತ್ತುಹೋಗಿತ್ತು, ಒತ್ತಿದರೆ ಏಳುತ್ತಲೇ ಇರಲಿಲ್ಲ.

ಮತ್ತೆ ಅಂಗಡಿಗೆ ಹೋದೆವು. ಅಲ್ಲಿ ಒಂದು ರ್‍ಯಾಕ್ ತುಂಬ ಹಾಸಿಗೆ ಕೊಯ್ದ ತುಂಡುಗಳು, ಮೈಸೂರ್ ಪಾಕ್ ಕತ್ತರಿಸಿ ಜೋಡಿಸಿದ ಹಾಗೆ. ಸ್ಪ್ರಿಂಗ್‌ನಲ್ಲಿ ಎರಡು ಜಾತಿ. ಬಾನೆಲ್‌ನಲ್ಲಿ ಎಲ್ಲ ಸ್ಪ್ರಿಂಗ್ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ನಮ್ಮವರು 86 ಕೆ.ಜಿ., ಅವರು ಹೊರಳಿದರೆ ನಾನು ದೋಣಿಯಲ್ಲಿ. ಪಾಕೆಟ್ ಸ್ಪ್ರಿಂಗ್‌ನಲ್ಲಿ ಒಂದೊಂದೂ ಬೇರೆ ಬೇರೆ ಬಟ್ಟೆ ಚೀಲದಲ್ಲಿ, ಅಲುಗಾಟ ಈ ಕಡೆ ಬರೋದು ತುಂಬಾ ಕಡಿಮೆ. ಚೆನ್ನಾಗಿತ್ತು, ಬೆಲೆ ಕೈಗೆ ಎಟುಕಲಿಲ್ಲ. ಪೂರ್ತಿ ಲೇಟೆಕ್ಸ್, ಅಂದರೆ ರಬ್ಬರ್ ಹಾಲಿನಿಂದ ಮಾಡಿದ ಫೋಮ್, ಅದರ ಬೆಲೆ ಕೇಳಿ ಸುಮ್ಮನಾದೆವು. ಫೋಮ್ ತಗೊಂಡರೆ ಡೆನ್ಸಿಟಿ ಕೇಳಿ ಅಂದರು. ಡೆನ್ಸಿಟಿ ಅಂದರೆ ಗಟ್ಟಿತನ ಅಲ್ಲ, ತೂಕ. 40 ಅಂದರೆ ಒಂದು ಘನ ಮೀಟರ್‌ಗೆ 40 ಕೆ.ಜಿ. ನಮ್ಮ ಅಳತೆಗೆ, ಅಂದರೆ 75 ಇಂಚು ಉದ್ದ, 60 ಅಗಲ, 5 ದಪ್ಪಕ್ಕೆ ಸುಮಾರು 14.7 ಕೆ.ಜಿ. ಬರಬೇಕು, 32 ಆದರೆ 12 ಕೆ.ಜಿ.ಗಿಂತ ಸ್ವಲ್ಪ ಕಡಿಮೆ. ಅನುಮಾನ ಬಂದರೆ ತಕ್ಕಡಿಗೆ ಹಾಕಿ ಅಂದರು. ಶೋರೂಮ್‌ನಲ್ಲಿ ಯಾರೂ ಇದನ್ನು ಹೇಳಿರಲಿಲ್ಲ.

ಅಂದ ಹಾಗೆ ಅಳತೆ. ನಮ್ಮ ಮಂಚ ಬಡಗಿ ಮಾಡಿದ್ದು, 75 ಇಂಚು. ಆನ್‌ಲೈನ್‌ನಲ್ಲಿ ನಾನು ಆರಿಸಿಟ್ಟಿದ್ದು 78. ಬುಕ್ ಮಾಡಿದ್ದರೆ ಮೂರು ಇಂಚು ಮಡಚಿಕೊಂಡು ಮಲಗಬೇಕಿತ್ತು. ಮಂಚದ ಒಳ ಅಳತೆ ತಗೊಳ್ಳಿ, ಹೊರಗಿನದ್ದಲ್ಲ.

ನಾವು ಕೊನೆಗೆ ಆರಿಸಿದ್ದು ನಾರಿನ ಹಾಸಿಗೆ. ಕೆಳಗೆ ನಾಲ್ಕು ಇಂಚು ರಬ್ಬರ್ ಹಾಕಿದ ತೆಂಗಿನ ನಾರು, ಮೇಲೆ ಒಂದು ಇಂಚು ಲೇಟೆಕ್ಸ್. ಸುರುಳಿ ಮಾಡಿದ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿ ಮಾಡುತ್ತಾರೆ, ಎಳೆಗಳ ನಡುವೆ ಗಾಳಿ ಆಡುತ್ತೆ. "ಮಲಗಿ, ನಾನು ಊಟ ಮಾಡಿ ಬರ್ತೀನಿ" ಅಂತ ಯಜಮಾನರು ಎದ್ದೇ ಹೋದರು. ಇಪ್ಪತ್ತು ನಿಮಿಷ ಮಲಗಿದ್ದೆವು. ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸಿ ನೋಡಬೇಕಂತೆ. ಸಲೀಸಾಗಿ ಹೋದರೆ ಹಾಸಿಗೆ ನಿಮಗೆ ಗಟ್ಟಿ. ಹೋಗೋದೇ ಇಲ್ಲ ಅಂದರೆ ಮೆತ್ತಗೆ. ಸ್ವಲ್ಪ ಉಜ್ಜಿಕೊಂಡು ಹೋದರೆ ಸರಿ. ನನ್ನ ಕೈ ಬಳೆವರೆಗೆ ಉಜ್ಜಿಕೊಂಡು ಹೋಯಿತು. ನಮ್ಮವರಂತೂ ಅಷ್ಟರಲ್ಲಿ ಗೊರಕೆ.

12,500 ರೂಪಾಯಿ ಆಯಿತು. ಚೌಕಾಸಿಗೆ ಜಗ್ಗಲಿಲ್ಲ, ಎರಡು ದಿಂಬು ಕೊಟ್ಟರು, ಒಂದು ಚೆನ್ನಾಗಿಲ್ಲ. ನಾಲ್ಕು ದಿನ ಅಂದಿದ್ದು ಒಂಬತ್ತು ದಿನ ಮಾಡಿದರು, ಫೋನ್ ಮಾಡಿದಾಗೆಲ್ಲ "ನಾಳೆ ಗ್ಯಾರಂಟಿ ಅಕ್ಕ". ಮೊದಲ ವಾರ ರೂಮಲ್ಲಿ ರಬ್ಬರ್ ವಾಸನೆ. ಕವರ್ ಬಿಚ್ಚಿ ಒಗೆಯೋಕೆ ಬರಲ್ಲ, ಇದು ದೊಡ್ಡ ಕೊರತೆ, ಮಕ್ಕಳಿರುವ ಮನೆಯವರು ಮೇಲೊಂದು ವಾಟರ್‌ಪ್ರೂಫ್ ಹೊದಿಕೆ ತಗೊಳ್ಳಿ. ವಾರಂಟಿ ಕಾರ್ಡ್ ಪೂರ್ತಿ ಓದಿ. ನಮ್ಮದರಲ್ಲಿ ಒಂದು ಇಂಚಿಗಿಂತ ಜಾಸ್ತಿ ತಗ್ಗಾದರೆ ಮಾತ್ರ, ಕಲೆ ಇದ್ದರೆ ಇಲ್ಲ, ಮಂಚದ ಹಲಗೆ ಸಮ ಇರಬೇಕು ಅಂತಿದೆ. ನಮ್ಮ ಹಳೆ ಮಂಚ ಇದ್ದಿದ್ದರೆ ವಾರಂಟಿ ಯಾವ ಲೆಕ್ಕಕ್ಕೂ ಇರುತ್ತಿರಲಿಲ್ಲ.

ಹತ್ತು ತಿಂಗಳಾಯಿತು, ಒಂದು ಬೇಸಿಗೆ ಕಳೆಯಿತು. ಬೆನ್ನು ಬೆವರಲಿಲ್ಲ ಅನ್ನಲ್ಲ, ನಾದಿನಿ ಮನೆಯ ಥರ ಅಲ್ಲ. ಸೊಂಟ ಈಗ ಹಾಲು ಉಕ್ಕುವವರೆಗೂ ಕಾಯಿಸಲ್ಲ. ನಮ್ಮವರ ಕಡೆ ಚೂರು ತಗ್ಗಾಗಿದೆ, ಮೂರು ತಿಂಗಳಿಗೊಮ್ಮೆ ತಲೆ ಕಡೆ ಕಾಲು ಕಡೆ ತಿರುಗಿಸುತ್ತೇವೆ. ಲೇಟೆಕ್ಸ್ ಒಂದೇ ಕಡೆ ಇರೋದರಿಂದ ಮಗುಚಿ ಹಾಕೋ ಹಾಗಿಲ್ಲ.

ಅತ್ತೆ ಒಂದು ಮಧ್ಯಾಹ್ನ ಹೇಗಿದೆ ನೋಡೋಣ ಅಂತ ಮಲಗಿದವರು ಎದ್ದಿದ್ದು ಸಂಜೆ ಕಾಫಿಗೆ. ಪರವಾಗಿಲ್ಲ ಅಂದರು. ಲೇಟೆಕ್ಸ್ ಬಿಸಿಲಿಗೆ ಹಾಕಿದರೆ ಹಾಳಾಗುತ್ತೆ, ಹಾಕಬೇಡಿ ಅಂತ ಅಂಗಡಿಯವರು ಎರಡೆರಡು ಸಲ ಹೇಳಿದ್ದಾರೆ. ಅದನ್ನು ಅತ್ತೆಗೆ ಹೇಳಿದೆ. ಬಿಸಿಲು ಕಾಣದ ಹಾಸಿಗೆ ಎಂಥ ಹಾಸಿಗೆ ಅಂತ ಈಗಲೂ ತಾರಸಿ ಕಡೆ ನೋಡುತ್ತಾರೆ.